ನೆಟ್ಟ ಗಿಡ ಮರವಾಗಲಿ



ನಮ್ಮ ಶಿಡ್ಲಘಟ್ಟ ರೇಷ್ಮೆಯ ಊರು. ಬೆಳಗಾದರೆ ಗೂಡಿನ ಮಾರುಕಟ್ಟೆ ತುಂಬುತ್ತದೆ. ಗಲ್ಲಿ ಗಲ್ಲಿಯಲ್ಲಿ ನೂಲು ಬಿಚ್ಚುವ ಸದ್ದು ಕೇಳುತ್ತದೆ. ನಮ್ಮಲ್ಲಿ ಎಷ್ಟೋ ಜನ ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿ, ಆವಿಯಲ್ಲಿ ದುಡಿಯುತ್ತೇವೆ. ಮಧ್ಯಾಹ್ನ ಹೊರಗೆ ಬಂದರೆ ತಲೆ ಸುಡುವ ಬಿಸಿಲು. ಒಂದು ಗಳಿಗೆ ನಿಲ್ಲೋಣ ಅಂದ್ರೆ ನೆರಳೆಲ್ಲಿ? ಬಸ್ಸಿಗೆ ಕಾಯುವ ಅಜ್ಜಿ, ಅಂಗನವಾಡಿಗೆ ಹೋಗುವ ಮಗು, ಬೀದಿಯಲ್ಲಿ ಸೊಪ್ಪು ಮಾರುವ ಅಕ್ಕ, ಎಲ್ಲರೂ ಹುಡುಕುವುದು ಒಂದು ಮರವನ್ನೇ.

ಮರ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗಿಡ ನೆಡುವುದೂ ಹೊಸದಲ್ಲ. 1950ರಲ್ಲಿ ಆಗಿನ ಕೇಂದ್ರ ಮಂತ್ರಿ ಕೆ. ಎಂ. ಮುನ್ಶಿ ಅವರು ವನಮಹೋತ್ಸವ ಶುರು ಮಾಡಿದರು. ಆಗಿನಿಂದ ವರ್ಷ ವರ್ಷವೂ ಮಳೆಗಾಲದಲ್ಲಿ ದೇಶದ ಎಲ್ಲ ಕಡೆ ಗಿಡ ನೆಡುತ್ತಾರೆ. ಜೂನ್ 5ರಂದು ಪರಿಸರ ದಿನ. ಅವತ್ತೂ ನೆಡುತ್ತಾರೆ. ಹಾಗಾದರೆ ನೆಟ್ಟ ಗಿಡವೆಲ್ಲ ಎಲ್ಲಿ ಹೋಯಿತು? ಕಳೆದ ವರ್ಷ ಗುಂಡಿ ತೋಡಿದ ಜಾಗದಲ್ಲೇ ಈ ವರ್ಷವೂ ಗುಂಡಿ ತೋಡುವುದು ಯಾಕೆ?

ಈ ಪಾಠದಲ್ಲಿ ಅದನ್ನೇ ನೋಡೋಣ. ಬೀದಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯ ಅಂಗಳದಲ್ಲಿ ನೆಟ್ಟ ಗಿಡ ಮರವಾಗಬೇಕಾದರೆ ಏನೇನು ಮಾಡಬೇಕು? ಅದರಲ್ಲಿ ನಮ್ಮ ಪಾಲು ಎಷ್ಟು, ನಗರಸಭೆಯ ಪಾಲು ಎಷ್ಟು?

ಹುಳಕ್ಕೆ ನಾಲ್ಕು ಜ್ವರ, ಗಿಡಕ್ಕೆ ಮೂರು ಬೇಸಿಗೆ

ರೇಷ್ಮೆ ಹುಳ ಮೇಯಿಸುವ ಮನೆಯವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಹುಳಕ್ಕೆ ನಾಲ್ಕು ಜ್ವರ ಬರುತ್ತದೆ. ನಾಲ್ಕೂ ದಾಟಿದ ಹುಳ ಹಣ್ಣಾಗುತ್ತದೆ. ಆಮೇಲೆ ಚಂದ್ರಿಕೆಗೆ ಬಿಡುತ್ತೇವೆ, ಗೂಡು ಕಟ್ಟುತ್ತದೆ. ಮೊದಲನೇ ಜ್ವರ ದಾಟಿತು, ಇನ್ನು ಸಾಕು ಅಂತ ಯಾರಾದರೂ ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರಾ? ಇಲ್ಲ.

ಗಿಡವೂ ಹಾಗೆಯೇ. ಅದಕ್ಕೆ ಬರುವುದು ಮೂರು ಬೇಸಿಗೆ. ಮೊದಲ ಬೇಸಿಗೆ ಬಲು ಕಷ್ಟ. ಬೇರು ಇನ್ನೂ ಮೇಲೇ ಇರುತ್ತದೆ. ಎರಡನೇ ಬೇಸಿಗೆ ಸ್ವಲ್ಪ ಕಡಿಮೆ ಕಷ್ಟ. ಮೂರನೇ ಬೇಸಿಗೆ ದಾಟಿದರೆ ಬೇರು ಆಳಕ್ಕೆ ಇಳಿದಿರುತ್ತದೆ. ಆಮೇಲೆ ಮರ ತನ್ನ ಪಾಡು ತಾನೇ ನೋಡಿಕೊಳ್ಳುತ್ತದೆ.

ನೆಡುವುದು ಒಂದು ದಿನದ ಕೆಲಸ. ಉಳಿಸುವುದು ಮೂರು ವರ್ಷದ ಕೆಲಸ. ನಾವು ಆ ಒಂದು ದಿನದ ಲೆಕ್ಕ ಬರೆಯುತ್ತೇವೆ, ಫೋಟೋ ತೆಗೆಯುತ್ತೇವೆ. ಮೂರು ವರ್ಷದ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಗಿಡ ಸಾಯುವುದು ಅಲ್ಲೇ.

ಇನ್ನೂ ಒಂದು ವಿಷಯ ಇದೆ. ಹಿಪ್ಪುನೇರಳೆ ತೋಟಕ್ಕೆ ಒಬ್ಬ ಯಜಮಾನ ಇರುತ್ತಾನೆ. ನೀರು ಬಿಟ್ಟಿತಾ, ಗೊಬ್ಬರ ಬಿತ್ತಾ ಅಂತ ಅವನು ಕೇಳುತ್ತಾನೆ. ಬೀದಿಯ ಗಿಡಕ್ಕೆ ಯಜಮಾನ ಯಾರು? ಎಲ್ಲರೂ. ಎಲ್ಲರದೂ ಅಂದರೆ ಕಡೆಗೆ ಯಾರದೂ ಅಲ್ಲ ಅನ್ನುವ ಹಾಗೆ ಆಗುತ್ತದೆ. ಅದಕ್ಕೇ ಪ್ರತಿ ಗಿಡಕ್ಕೂ ಒಬ್ಬರು ಹೊಣೆಗಾರರು ಬೇಕು, ಅದು ಬರಹದಲ್ಲಿ ಇರಬೇಕು.

ಹತ್ತು ಗಿಡದಿಂದ ಶುರು ಮಾಡಿದ ತಿಮ್ಮಕ್ಕ

ಸಾಲುಮರದ ತಿಮ್ಮಕ್ಕನ ಹೆಸರು ಕೇಳದವರು ಯಾರು? ಅವರು ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದವರು. ಶಾಲೆಗೆ ಹೋದವರಲ್ಲ. ಕೂಲಿ ಮಾಡಿ ಬದುಕಿದವರು. ಮಕ್ಕಳಿರಲಿಲ್ಲ. ಗಂಡ ಚಿಕ್ಕಯ್ಯನವರ ಜೊತೆ ಸೇರಿ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಗಿಡ ನೆಟ್ಟರು. ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385 ಆಲದ ಮರ ಬೆಳೆಸಿದರು ಎಂದು ಹೇಳುತ್ತಾರೆ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ತೀರಿಕೊಂಡರು.

ಅವರು ಹೇಗೆ ನೆಟ್ಟರು ಅನ್ನುವುದನ್ನು ನಾವು ಗಮನಿಸಬೇಕು. ಮೊದಲನೇ ವರ್ಷ ನೆಟ್ಟಿದ್ದು 10 ಗಿಡ. ಎರಡನೇ ವರ್ಷ 15. ಮೂರನೇ ವರ್ಷ 20. ಒಂದೇ ಸಲ ನೂರು ನೆಡಲಿಲ್ಲ. ಇಬ್ಬರು ಎಷ್ಟು ಗಿಡಕ್ಕೆ ನೀರು ಹೊರಬಹುದೋ ಅಷ್ಟೇ ನೆಟ್ಟರು. ಮಳೆಗಾಲದಲ್ಲಿ ನೆಟ್ಟರು. ದನ ಮೇಯದ ಹಾಗೆ ಸುತ್ತ ಮುಳ್ಳು ಕಟ್ಟಿದರು. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದರು. ಅಷ್ಟೇ. ಇದರಲ್ಲಿ ಮಂತ್ರ ಇಲ್ಲ, ಮಾಯ ಇಲ್ಲ. ಲೆಕ್ಕ ಇದೆ.

ದೊಡ್ಡ ಊರಿನಲ್ಲೂ ಇದು ನಡೆದಿದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಎಸ್. ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿಯ ಮುಂದಾಳತನದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಅಲ್ಲಿನ ಎಷ್ಟೋ ಬಡಾವಣೆಗಳ ನೆರಳು ಆ ಕೆಲಸದ ಫಲ. ಸರ್ಕಾರ ಮನಸ್ಸು ಮಾಡಿದರೆ ಊರಿಗೆ ಊರೇ ಹಸಿರಾಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಒಂದು ಕಡೆ ಗಂಡ ಹೆಂಡತಿ, ಇನ್ನೊಂದು ಕಡೆ ಸರ್ಕಾರ. ಎರಡೂ ಕಡೆ ಗಿಡ ಮರವಾಯಿತು.

ಈ ಜಾಗ ಯಾರದು?

ಗಿಡ ನೆಡುವ ಮುಂಚೆ ಜಾಗ ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಬೇಕು. ಸರ್ಕಾರದ ಜಾಗ ಅಂದರೆ ಒಂದೇ ಕಚೇರಿಯ ಜಾಗ ಅಲ್ಲ.

ಊರೊಳಗಿನ ಬೀದಿ, ಪಾರ್ಕು ನಗರಸಭೆಯ ಕೈಯಲ್ಲಿವೆ.
ದೊಡ್ಡ ರಸ್ತೆಗಳು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆ ಅಥವಾ ಹೆದ್ದಾರಿ ಇಲಾಖೆಯ ಕೈಯಲ್ಲಿರುತ್ತವೆ.
ಸರ್ಕಾರಿ ಶಾಲೆಯ ಅಂಗಳಕ್ಕೆ ಹೆಡ್‌ಮಾಸ್ಟರನ್ನೂ ಎಸ್‌ಡಿಎಂಸಿಯನ್ನೂ ಕೇಳಬೇಕು.
ಗೂಡಿನ ಮಾರುಕಟ್ಟೆಯ ಅಂಗಳಕ್ಕೆ ರೇಷ್ಮೆ ಇಲಾಖೆಯನ್ನು ಕೇಳಬೇಕು.
ಕೆರೆಯ ಜಾಗವಾದರೆ ಅದು ಯಾವ ಇಲಾಖೆಗೆ ಸೇರಿದೆ ಅಂತ ನಗರಸಭೆಯಲ್ಲಿ ವಿಚಾರಿಸಬೇಕು.

ಇಷ್ಟೆಲ್ಲ ಯಾಕೆ ಕೇಳಬೇಕು? ಒಂದು ಕಾರಣ ಇದೆ. ರಸ್ತೆ ಅಗಲ ಮಾಡುವ ಯೋಜನೆ ಮೊದಲೇ ಆಗಿರಬಹುದು. ಚರಂಡಿ ಬರುವ ಗೆರೆ ಎಳೆದಿರಬಹುದು. ಅದೇ ಗೆರೆಯ ಮೇಲೆ ನಾವು ಗಿಡ ನೆಟ್ಟರೆ, ಐದು ವರ್ಷ ಸಾಕಿದ ಮರ ಒಂದು ದಿನ ಜೆಸಿಬಿ ಬಾಯಿಗೆ ಹೋಗುತ್ತದೆ.

ತಿಮ್ಮಕ್ಕನ ಮರಗಳಿಗೇ ಇಂಥ ಕುತ್ತು ಬಂದಿತ್ತು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಿಂದ ಆ ಸಾಲು ಮರಗಳು ಹೋಗುತ್ತವೆ ಅನ್ನುವ ಭಯ ಹುಟ್ಟಿತು. ತಿಮ್ಮಕ್ಕ ಸರ್ಕಾರಕ್ಕೆ ಮನವಿ ಕೊಟ್ಟರು. ಬೇರೆ ದಾರಿ ಹುಡುಕುತ್ತೇವೆ ಅಂತ ಸರ್ಕಾರ ಒಪ್ಪಿತು. ತಿಮ್ಮಕ್ಕನ ಹೆಸರು ನಾಡಿಗೆಲ್ಲ ಗೊತ್ತಿತ್ತು, ಮಾತು ನಡೆಯಿತು. ನಮ್ಮ ಬೀದಿಯ ಹೊಂಗೆ ಮರಕ್ಕೆ ಅಂಥ ಹೆಸರಿಲ್ಲ. ಆದ್ದರಿಂದ ನಾವು ಮೊದಲೇ ಕೇಳಿಕೊಳ್ಳುವುದು ಜಾಣತನ.

ನಗರಸಭೆಗೂ ಇದು ಹೊರಗಿನ ಕೆಲಸ ಅಲ್ಲ. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯಿತು. 1993ರಲ್ಲಿ ಜಾರಿಗೆ ಬಂತು. ಪಟ್ಟಣದ ಆಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿ ಅದರಲ್ಲಿದೆ. ಊರಲ್ಲಿ ಮರ ಬೆಳೆಸುವುದು, ಪರಿಸರ ಕಾಪಾಡುವುದು, ಪಾರ್ಕು ಮಾಡುವುದು ಆ ಪಟ್ಟಿಯಲ್ಲಿವೆ. ಅದೇ ತಿದ್ದುಪಡಿಯಿಂದ ನಗರಸಭೆಯಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಹೆಂಗಸರಿಗೆ ಸ್ಥಾನ ಸಿಕ್ಕಿತು. ಆದ್ದರಿಂದ ನಾವು ಮರ ಕೇಳುವುದು ಭಿಕ್ಷೆ ಅಲ್ಲ. ನಮ್ಮ ವಾರ್ಡಿನ ಸದಸ್ಯರನ್ನು ಕೇಳಬಹುದು. ಸದಸ್ಯರು ಇಲ್ಲದ ಕಾಲದಲ್ಲಿ ಪೌರಾಯುಕ್ತರನ್ನು ಕೇಳಬಹುದು.

ಜಾಗ ನೋಡಿ ಗಿಡ ಆರಿಸೋಣ

ಮದುವೆಗೆ ಹೆಣ್ಣು ಗಂಡು ನೋಡುವಾಗ ಎಷ್ಟು ವಿಚಾರಿಸುತ್ತೇವೆ! ಗಿಡಕ್ಕೂ ಜಾಗಕ್ಕೂ ಹೊಂದಿಕೆ ನೋಡಬೇಕು. ತಲೆ ಎತ್ತಿ ನೋಡಿ, ಮೇಲೆ ಕರೆಂಟಿನ ತಂತಿ ಇದೆಯಾ? ಕೆಳಗೆ ನೋಡಿ, ನೀರಿನ ಪೈಪು, ಚರಂಡಿ ಇದೆಯಾ? ಪಕ್ಕದಲ್ಲಿ ನೋಡಿ, ಗೋಡೆ ಎಷ್ಟು ದೂರ ಇದೆ?

ತಂತಿಯ ಕೆಳಗೆ ಎತ್ತರದ ಮರ ಬೇಡ. ನೆಟ್ಟರೆ ಬೆಸ್ಕಾಂನವರು ವರ್ಷ ವರ್ಷವೂ ತಲೆ ಕತ್ತರಿಸಬೇಕಾಗುತ್ತದೆ. ಅಲ್ಲಿಗೆ ಪಾರಿಜಾತ, ಕರಿಬೇವು, ದಾಸವಾಳದಂಥ ಸಣ್ಣ ಗಿಡ ಸಾಕು.

ಅಗಲವಾದ ಬೀದಿಗೆ ಹೊಂಗೆ, ಬೇವು ಒಳ್ಳೆಯವು. ನಮ್ಮ ಬಯಲು ಸೀಮೆಯ ಮಳೆಗೆ ಒಗ್ಗಿದ ಮರಗಳಿವು. ಹೊಂಗೆ ಸೊಪ್ಪನ್ನು ಆಡು ಕುರಿ ಅಷ್ಟಾಗಿ ಮುಟ್ಟುವುದಿಲ್ಲ. ಹೊಂಗೆ ನೆರಳಿನ ತಂಪು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಲ, ಅರಳಿ, ಅತ್ತಿ ದೊಡ್ಡ ಮರಗಳು. ಹಕ್ಕಿಗಳಿಗೆ ಹಣ್ಣು, ನಮಗೆ ನೆರಳು. ಆದರೆ ಇವುಗಳ ಬೇರು ಗೋಡೆಯನ್ನೂ ಚರಂಡಿಯನ್ನೂ ಸೀಳುತ್ತದೆ. ಮೈದಾನ, ಸಂತೆ ಜಾಗ, ಸ್ಮಶಾನದಂಥ ಬಯಲಿಗೆ ಮಾತ್ರ ಇವು ಸರಿ.

ಶಾಲೆಯ ಅಂಗಳಕ್ಕೆ ನೇರಳೆ, ನೆಲ್ಲಿ, ಸೀಬೆ ಹಾಕಬಹುದು. ಮಕ್ಕಳಿಗೆ ಹಣ್ಣು ಸಿಗುತ್ತದೆ.

ಕೆರೆಯ ಏರಿಯ ಮೇಲೆ ದೊಡ್ಡ ಮರ ಬೇಡ. ಬೇರು ಇಳಿದು ಏರಿ ಸಡಿಲವಾಗುತ್ತದೆ. ಏರಿಯಿಂದ ದೂರ, ಅಂಗಳದ ಅಂಚಿನಲ್ಲಿ ಹಾಕಬೇಕು.

ದೊಡ್ಡ ಮರಕ್ಕೂ ಮರಕ್ಕೂ ನಡುವೆ 20 ಅಡಿ ಬಿಡಿ. ಸಣ್ಣ ಮರವಾದರೆ 10 ಅಡಿ ಸಾಕು. ಒಂದು ಬೀದಿಯಲ್ಲಿ ಒಂದೇ ಜಾತಿಯ ಗಿಡ ಬೇಡ. ರೋಗ ಬಂದರೆ ಎಲ್ಲ ಒಟ್ಟಿಗೆ ಹೋಗುತ್ತವೆ.

ಯಾವ ಗಿಡ ಬೇಕು ಅನ್ನುವುದನ್ನು ನಾವೇ ಕೂತು ತೀರ್ಮಾನ ಮಾಡಬೇಕು. ಇದಕ್ಕೆ ನಮ್ಮ ಸೀಮೆಯಲ್ಲೇ ಒಂದು ಪಾಠ ಇದೆ. 1980ರ ದಶಕದಲ್ಲಿ ನಮ್ಮ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿತ್ತು. ಆಗ ಸಾಮಾಜಿಕ ಅರಣ್ಯದ ಯೋಜನೆ ಬಂತು. ಜಿಲ್ಲೆಯಲ್ಲಿ ನೀಲಗಿರಿ ಹಬ್ಬಿತು. ಮರವೇನೋ ಬೇಗ ಬೆಳೆಯಿತು. ಆದರೆ ಅದರ ಸೊಪ್ಪನ್ನು ದನ ತಿನ್ನುವುದಿಲ್ಲ. ಕೆಳಗೆ ಹುಲ್ಲು ಸರಿಯಾಗಿ ಬರುವುದಿಲ್ಲ. ಮೇವು ತರುವ ಹೆಂಗಸನ್ನು ಮೊದಲೇ ಕೇಳಿದ್ದರೆ ಅವಳು ಹೇಳುತ್ತಿದ್ದಳಲ್ಲ, ನಮಗೆ ಯಾವ ಮರ ಬೇಕು ಅಂತ!

ಯಾವಾಗ ನೆಡೋಣ? ಹೇಗೆ ನೆಡೋಣ?

ನಮ್ಮ ಸೀಮೆಗೆ ಮಳೆ ಕಡಿಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲ. ಆದ್ದರಿಂದ ಮಳೆ ನೋಡಿಕೊಂಡೇ ನೆಡಬೇಕು. ಮೇ ತಿಂಗಳಲ್ಲೇ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ದೊಡ್ಡ ಮರಕ್ಕೆ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ಸಣ್ಣದಕ್ಕೆ 2 ಅಡಿ. ಬೀದಿ ಬದಿಯ ಗುಂಡಿಗೆ ಮಕ್ಕಳು ಬೀಳದ ಹಾಗೆ ಮುಳ್ಳು ಮುಚ್ಚಿಡಿ.

ಆರಿದ್ರಾ ಮಳೆ ಬಿದ್ದು ನೆಲ ನೆನೆದ ಮೇಲೆ ನೆಡಿ. ಆಗ ಮುಂದೆ ಉತ್ತರೆ, ಹಸ್ತ, ಚಿತ್ತೆಯ ಹಿಂಗಾರು ಮಳೆ ಗಿಡಕ್ಕೆ ಸಿಗುತ್ತದೆ. ಬೇಸಿಗೆ ಬರುವ ಹೊತ್ತಿಗೆ ಬೇರು ಸ್ವಲ್ಪ ಹಿಡಿದಿರುತ್ತದೆ. ಮಳೆ ಬರಲಿಲ್ಲ ಅಂದರೆ ಕಾಯಿರಿ. ಜೂನ್ 5 ಬಂತು ಅಂತ ಒಣ ನೆಲದಲ್ಲಿ ನೆಡಬೇಡಿ.

ಸಸಿಯನ್ನು ಅರಣ್ಯ ಇಲಾಖೆಯ ನರ್ಸರಿಯಿಂದ ತರಬಹುದು. ನಮ್ಮ ಸೊಂಟಕ್ಕಿಂತ ಎತ್ತರ ಇರುವ, ಗಟ್ಟಿ ಕಾಂಡದ ಸಸಿ ಕೇಳಿ ತನ್ನಿ. ಬೀದಿಯಲ್ಲಿ ಗೇಣುದ್ದದ ಸಸಿ ಉಳಿಯುವುದು ಕಷ್ಟ.

ನೆಡುವ ಕ್ರಮ ಹೀಗೆ:

1. ಮೇಲಿನ ಮಣ್ಣಿಗೆ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಗುಂಡಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿ.
2. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಸಸಿಯನ್ನು ಹಿಡಿದು ಎಳೆಯಬೇಡಿ. ಬೇರಿನ ಮಣ್ಣಿನ ಹೆಂಟೆ ಒಡೆಯಬಾರದು.
3. ಸಸಿಯನ್ನು ನೆಟ್ಟಗೆ ನಿಲ್ಲಿಸಿ, ಮಣ್ಣು ತುಂಬಿ, ಕಾಲಿನಿಂದ ಮೆಲ್ಲಗೆ ತುಳಿಯಿರಿ.
4. ಸುತ್ತ ತಟ್ಟೆಯ ಹಾಗೆ ಪಾತಿ ಮಾಡಿ. ಮಳೆ ನೀರು ಅದರಲ್ಲಿ ನಿಲ್ಲಬೇಕು.
5. ಪಕ್ಕದಲ್ಲಿ ಒಂದು ಗೂಟ ನೆಡಿ. ಹಳೇ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟಿ. ತಂತಿಯಿಂದ ಕಟ್ಟಬೇಡಿ, ಕಾಂಡ ಸೀಳುತ್ತದೆ.
6. ಬಳ್ಳಾರಿ ಜಾಲಿಯ ಮುಳ್ಳು ನಮ್ಮಲ್ಲಿ ಬೇಕಾದಷ್ಟಿದೆ. ಅದನ್ನು ಸುತ್ತ ಕಟ್ಟಿ. ಕಬ್ಬಿಣದ ಗಾರ್ಡು ಸಿಕ್ಕಿದರೆ ಒಳ್ಳೆಯದೇ. ಆದರೆ ಕಾಂಡ ದಪ್ಪವಾದ ಮೇಲೆ ಅದನ್ನು ಬಿಚ್ಚಲು ಮರೆಯಬೇಡಿ. ಇಲ್ಲದಿದ್ದರೆ ಕಬ್ಬಿಣ ಮರದೊಳಗೇ ಹೂತುಹೋಗುತ್ತದೆ.

ನೀರಿನ ಲೆಕ್ಕ ಹಾಕೋಣ

ಈಗ ಎಲ್ಲರೂ ಕೇಳುವ ಪ್ರಶ್ನೆ: ಕುಡಿಯೋಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ತರೋದು? ಈ ಮಾತು ಸುಳ್ಳಲ್ಲ. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ನಲ್ಲಿ ಬರುವ ದಿನ ಕಾದು ಹಿಡಿಯಬೇಕು. ಆದ್ದರಿಂದಲೇ ಲೆಕ್ಕ ಬೇಕು.

ನಮ್ಮ ಬೀದಿಯಲ್ಲಿ 20 ಗಿಡ ಇವೆ ಅಂದುಕೊಳ್ಳೋಣ. ಬೇಸಿಗೆಯಲ್ಲಿ ಒಂದು ಗಿಡಕ್ಕೆ ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ಬಿಂದಿಗೆ ನೀರು.

ಒಂದು ವಾರಕ್ಕೆ: 20 × 2 = 40 ಬಿಂದಿಗೆ.
ಫೆಬ್ರವರಿಯಿಂದ ಮೇ ವರೆಗೆ ಸುಮಾರು 17 ವಾರ: 40 × 17 = 680 ಬಿಂದಿಗೆ.
ಬಿಂದಿಗೆಗೆ 15 ಲೀಟರ್ ಅಂದರೆ: 680 × 15 = 10,200 ಲೀಟರ್.

ಒಂದು ಟ್ಯಾಂಕರಿಗೆ 5,000 ಲೀಟರ್ ಹಿಡಿಯುತ್ತದೆ ಅಂದುಕೊಳ್ಳಿ. ಹಾಗಾದರೆ 20 ಗಿಡಕ್ಕೆ ಒಂದು ಇಡೀ ಬೇಸಿಗೆಗೆ ಬೇಕಾದದ್ದು ಎರಡು ಟ್ಯಾಂಕರ್ ನೀರು, ಮೇಲೆ ಸ್ವಲ್ಪ. ನಾವು ಅಂದುಕೊಂಡಷ್ಟು ಇಲ್ಲ ಅಲ್ಲವೇ? ಎರಡು ಟ್ಯಾಂಕರ್ ನೀರಿಲ್ಲದೆ 20 ಮರ ಹೋಗುತ್ತವೆ. ಸಸಿಗೆ, ಗುಂಡಿಗೆ, ಗಾರ್ಡಿಗೆ ಹಾಕಿದ ದುಡ್ಡೂ ಹೋಗುತ್ತದೆ. ಅದು ನಮ್ಮದೇ ತೆರಿಗೆಯ ದುಡ್ಡು.

ನೀರು ಉಳಿಸುವ ದಾರಿಯೂ ಇದೆ. ಪಾತಿಯ ಮೇಲೆ ಒಣಗಿದ ಎಲೆ, ಹುಲ್ಲು ಮುಚ್ಚಿ. ಬಿಸಿಲಿಗೆ ನೀರು ಆರುವುದು ಕಡಿಮೆಯಾಗುತ್ತದೆ. ಹಳೇ ಮಣ್ಣಿನ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ಇಟ್ಟು, ಗಿಡದ ಪಕ್ಕ ಕತ್ತಿನವರೆಗೆ ಹೂಳಿ. ಅದರಲ್ಲಿ ನೀರು ತುಂಬಿದರೆ ಹನಿ ಹನಿಯಾಗಿ ಬೇರಿಗೆ ಹೋಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಆಗುತ್ತದೆ. ಗೂಡು ಬೇಯಿಸಿದ ಬಿಸಿನೀರು ಮಾತ್ರ ಬೇಡ, ಬೇರು ಬೆಂದುಹೋಗುತ್ತದೆ. ಸೋಡಾಪುಡಿ ಹಾಕಿದ ನೀರೂ ಬೇಡ.

ಇಲ್ಲಿ ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ಮನೆಗೆ ನೀರು ಹೊರುವವರು ನಾವೇ. ಬೀದಿಯ ಗಿಡಕ್ಕೂ ನಾವೇ ಹೊರಬೇಕಾ? ಮರ ಎಲ್ಲರದು ಅಂದ ಮೇಲೆ ನೀರು ಹೊರುವ ಕೆಲಸವೂ ಎಲ್ಲರದು. ಮನೆಯ ಗಂಡಸರಿಗೂ ಹುಡುಗರಿಗೂ ಸರದಿ ಹಾಕಬೇಕು. ಟ್ಯಾಂಕರ್ ಕಳಿಸುವ ಹೊಣೆ ನಗರಸಭೆಯದು. ಅಲ್ಲದೆ 2025ರಲ್ಲಿ ಕೇಂದ್ರ ಸರ್ಕಾರ ಅಮೃತ್ ಯೋಜನೆಯ ಅಡಿಯಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಪಟ್ಟಣಗಳಲ್ಲಿ ಗಿಡ ನೆಟ್ಟು ನೋಡಿಕೊಳ್ಳುವ ಕೆಲಸವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ಕೊಡುವ ಕಾರ್ಯಕ್ರಮ ಅದು. ನಮ್ಮ ಊರಿಗೆ ಅದು ಬಂದಿದೆಯೇ, ನಮ್ಮ ಸಂಘ ಸೇರಬಹುದೇ ಅಂತ ನಗರಸಭೆಯಲ್ಲಿ ಕೇಳೋಣ. ಗಿಡ ಸಾಕುವುದು ದುಡಿಮೆ. ದುಡಿಮೆಗೆ ಕೂಲಿ ಕೇಳುವುದು ತಪ್ಪಲ್ಲ.

ಮರದ ಪುಸ್ತಕ

ಈಗ ನಮ್ಮ ಓದು ಬರಹ ಕೆಲಸಕ್ಕೆ ಬರುವ ಜಾಗಕ್ಕೆ ಬಂದೆವು. ಒಂದು ಗೆರೆ ಎಳೆದ ನೋಟ್‌ಬುಕ್ ತನ್ನಿ. ಅದರ ಮೇಲೆ "ನಮ್ಮ ಬೀದಿಯ ಮರದ ಪುಸ್ತಕ" ಅಂತ ಬರೆಯಿರಿ. ಒಂದು ಗಿಡಕ್ಕೆ ಒಂದು ಪುಟ. ಹೀಗೆ ಬರೆಯಬಹುದು:

ಗಿಡದ ನಂಬರು: 7
ಜಾತಿ: ಹೊಂಗೆ
ಜಾಗ: ಅಂಗನವಾಡಿ ಗೇಟಿನ ಎಡಗಡೆ
ನೆಟ್ಟ ದಿನ: ಜುಲೈ 2
ನೋಡಿಕೊಳ್ಳುವವರು: ಎದುರು ಮನೆಯವರು
ಮೊದಲ ಬೇಸಿಗೆ: ಬದುಕಿದೆ. ಎರಡು ಕೊಂಬೆ ಮುರಿದಿದೆ.
ಎರಡನೇ ಬೇಸಿಗೆ:
ಮೂರನೇ ಬೇಸಿಗೆ:

ಗಿಡ ಸತ್ತರೆ ಅದನ್ನೂ ಬರೆಯಿರಿ. ಯಾಕೆ ಸತ್ತಿತು ಅಂತ ಬರೆಯಿರಿ. ಆಡು ತಿಂದಿತಾ? ನೀರು ಸಾಲಲಿಲ್ಲವಾ? ಲಾರಿ ಗುದ್ದಿತಾ? ಯಾರಾದರೂ ಸೌದೆಗೆ ಮುರಿದರಾ? ಬೈಯುವುದಕ್ಕೆ ಅಲ್ಲ, ತಿಳಿಯುವುದಕ್ಕೆ. ಹತ್ತರಲ್ಲಿ ಆರು ಗಿಡ ಆಡಿಗೆ ಹೋಗಿದ್ದರೆ ಮುಂದಿನ ವರ್ಷ ನೀರಿಗಿಂತ ಮೊದಲು ಬೇಲಿಗೆ ಗಮನ ಕೊಡಬೇಕು. ಇದು ಪುಸ್ತಕ ನೋಡಿದರೆ ಗೊತ್ತಾಗುತ್ತದೆ, ಬರೀ ನೆನಪಿನಿಂದ ಗೊತ್ತಾಗುವುದಿಲ್ಲ.

ತಿಂಗಳಿಗೆ ಒಂದು ಸಲ ಸಂಘದ ಸಭೆಯಲ್ಲಿ ಉಳಿತಾಯದ ಪುಸ್ತಕದ ಜೊತೆ ಮರದ ಪುಸ್ತಕವನ್ನೂ ಓದಿ. ಗಟ್ಟಿಯಾಗಿ ಓದಿ. ಓದುವುದೂ ಅಭ್ಯಾಸವಾಗುತ್ತದೆ, ಗಿಡಗಳ ಸುದ್ದಿಯೂ ಎಲ್ಲರಿಗೂ ತಿಳಿಯುತ್ತದೆ. ನಗರಸಭೆಗೆ ಹೋದಾಗ "ಗಿಡ ಸಾಯ್ತಾ ಇದೆ ಸಾರ್" ಅನ್ನುವುದಕ್ಕಿಂತ "20ರಲ್ಲಿ 13 ಉಳಿದಿವೆ, ಈ 7 ಜಾಗಕ್ಕೆ ಸಸಿ ಬೇಕು" ಅನ್ನುವ ಮಾತಿಗೆ ತೂಕ ಹೆಚ್ಚು.

ಬೆಳೆದ ಮರವನ್ನು ಕಾಯೋಣ

ಮರ ಬೆಳೆದ ಮೇಲೂ ಅದಕ್ಕೆ ಶತ್ರುಗಳಿದ್ದಾರೆ. ಮೊಳೆ ಹೊಡೆದು ಬೋರ್ಡು ತಗುಲಿಸುತ್ತಾರೆ. ಬುಡದಲ್ಲಿ ಕಸ ಸುಡುತ್ತಾರೆ. ಬುಡದವರೆಗೂ ಸಿಮೆಂಟು ಹಾಕುತ್ತಾರೆ. ಸಿಮೆಂಟು ಹಾಕಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬಗ್ಗೆ ಒಂದು ಆದೇಶ ಕೊಟ್ಟಿತು. ಮರದ ಸುತ್ತ 1 ಮೀಟರ್ ಜಾಗದಲ್ಲಿ ಹಾಕಿದ ಕಾಂಕ್ರೀಟ್ ತೆಗೆಯಬೇಕು ಅಂತ ಹೇಳಿತು. ನಮ್ಮ ಬೀದಿಗೆ ಸಿಮೆಂಟ್ ರಸ್ತೆ ಬಂದಾಗ ನಾವೂ ಕಂಟ್ರಾಕ್ಟರಿಗೆ ಹೇಳೋಣ: ಮರದ ಸುತ್ತ ಮೂರು ಅಡಿ ಮಣ್ಣು ಬಿಡಿ.

ಮರ ಕಡಿಯುವುದಕ್ಕೂ ಕಾನೂನು ಇದೆ. ಅದರ ಹೆಸರು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ಪಟ್ಟಣದಲ್ಲಿ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ರಿಯಾಯಿತಿ ಇದೆ. ವೃಕ್ಷಾಧಿಕಾರಿ ಯಾರು ಅಂತ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಯಾರಾದರೂ ಗರಗಸ ತಂದು ನಿಂತರೆ ಜಗಳ ಬೇಡ. ಒಂದೇ ಮಾತು ಕೇಳಿ: "ಅನುಮತಿ ಪತ್ರ ಇದೆಯಾ? ತೋರಿಸಿ." ಈಗ ನಮಗೆ ಓದಲು ಬರುತ್ತದೆ. ಯಾವ ಮರ, ಎಷ್ಟು ಮರ, ಯಾವ ದಿನ ಅಂತ ಪತ್ರದಲ್ಲಿ ಓದಿ ನೋಡೋಣ. ಒಂದು ಮರಕ್ಕೆ ಅನುಮತಿ ಪಡೆದು ಮೂರು ಮರ ಕಡಿಯುವಂತಿಲ್ಲ.

ಹಾಗಂತ ಎಲ್ಲ ಮರವನ್ನೂ ಉಳಿಸಲು ಆಗುವುದಿಲ್ಲ. ಬುಡ ಟೊಳ್ಳಾಗಿ ಬೀಳುವ ಹಾಗಿರುವ ಮರ ಜನರ ಪ್ರಾಣಕ್ಕೆ ಅಪಾಯ. ಅಂಥದ್ದನ್ನು ಕಂಡರೆ ನಾವೇ ಮಳೆಗಾಲಕ್ಕೆ ಮುಂಚೆ ನಗರಸಭೆಗೂ ಅರಣ್ಯ ಇಲಾಖೆಗೂ ತಿಳಿಸಬೇಕು. ಆ ಮರ ಹೋದ ಕಡೆ ಬೇರೆ ಗಿಡ ಬರಬೇಕು. ಅದನ್ನೂ ಪುಸ್ತಕದಲ್ಲಿ ಬರೆಯಬೇಕು.

ಅರ್ಜಿ ಬರೆಯೋಣ

ಬಾಯಿ ಮಾತು ಗಾಳಿಗೆ ಹೋಗುತ್ತದೆ. ಕಾಗದದ ಮಾತು ಕಡತದಲ್ಲಿ ಉಳಿಯುತ್ತದೆ. ಇದೊಂದು ಮಾದರಿ. ನಿಮ್ಮ ಬೀದಿಗೆ ತಕ್ಕಂತೆ ಬದಲಾಯಿಸಿ ಬರೆಯಿರಿ.

ಇವರಿಗೆ,
ಪೌರಾಯುಕ್ತರು,
ನಗರಸಭೆ, ಶಿಡ್ಲಘಟ್ಟ.

ಮಾನ್ಯರೇ,
ವಿಷಯ: ನಮ್ಮ ಬೀದಿಯಲ್ಲಿ ಗಿಡ ನೆಡುವ ಬಗ್ಗೆ.

ನಮ್ಮ ಬೀದಿಯಲ್ಲಿ ನೆರಳಿಲ್ಲ. ನಾವು 20 ಜಾಗ ಗುರುತು ಮಾಡಿದ್ದೇವೆ. ಪಟ್ಟಿ ಇದರ ಜೊತೆ ಇದೆ. ರಸ್ತೆ, ಚರಂಡಿ, ಪೈಪಿಗೆ ತೊಂದರೆ ಆಗುತ್ತದೆಯೇ ಎಂದು ನಿಮ್ಮ ಎಂಜಿನಿಯರು ಬಂದು ನೋಡಬೇಕು. ಮೇ ತಿಂಗಳಲ್ಲಿ ಗುಂಡಿ ತೆಗೆಸಿಕೊಡಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕಳಿಸಬೇಕು. ಗಿಡಗಳನ್ನು ಕಾಯುವ, ಲೆಕ್ಕ ಬರೆಯುವ ಹೊಣೆ ನಮ್ಮ ಸಂಘದ್ದು.

ಇಂತಿ,
(ಸಂಘದ ಹೆಸರು, ಸದಸ್ಯರ ಸಹಿ, ದಿನಾಂಕ)

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬನ್ನಿ. ಹೆಬ್ಬೆಟ್ಟು ಬೇಡ, ಎಲ್ಲರೂ ಸಹಿ ಹಾಕಿ.

ಉತ್ತರ ಬರದಿದ್ದರೆ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು: ಕಳೆದ ವರ್ಷ ನಮ್ಮ ವಾರ್ಡಿನಲ್ಲಿ ಎಷ್ಟು ಗಿಡ ನೆಟ್ಟಿರಿ? ಎಷ್ಟು ಖರ್ಚಾಯಿತು? ಈಗ ಎಷ್ಟು ಉಳಿದಿವೆ? 30 ದಿನದ ಒಳಗೆ ಉತ್ತರ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ.

ಕೂಡಿ ಮಾತಾಡೋಣ

1. ನಿಮ್ಮ ಬೀದಿಯಲ್ಲಿ ಈಗ ಎಷ್ಟು ಮರ ಇವೆ? ನಡೆದು ಎಣಿಸಿ, ಹೆಸರು ಬರೆಯಿರಿ.
2. ನೆರಳು ಎಲ್ಲಿ ಮೊದಲು ಬೇಕು? ಬಸ್ ನಿಲ್ದಾಣವೋ, ಅಂಗನವಾಡಿಯೋ, ನಲ್ಲಿಯ ಹತ್ತಿರವೋ? ಯಾಕೆ?
3. ನಿಮ್ಮ ಗುಂಪು ಒಂದು ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಹಾಕಬಲ್ಲದು? ಲೆಕ್ಕ ಮಾಡಿ. ಅದಕ್ಕಿಂತ ಒಂದು ಗಿಡವನ್ನೂ ಹೆಚ್ಚು ನೆಡಬೇಡಿ.
4. ಬೀದಿಯ ಹುಣಸೆ, ನೇರಳೆ ಹಣ್ಣು ಯಾರಿಗೆ ಸೇರಬೇಕು? ಸರ್ಕಾರಿ ಜಾಗದ ಹುಣಸೆ ಫಲವನ್ನು ಹರಾಜು ಹಾಕುವ ರೂಢಿ ಇದೆ. ಸಾಕಿದವರಿಗೆ ಪಾಲು ಇರಬೇಕೇ?
5. ನೀರು ಹಾಕುವ ಸರದಿಯ ಪಟ್ಟಿ ಬರೆಯಿರಿ. ಅದರಲ್ಲಿ ಗಂಡಸರ ಹೆಸರು ಎಷ್ಟಿದೆ?

ಈ ವರ್ಷ ಹತ್ತೇ ಗಿಡ ಸಾಕು. ಮೂರು ಬೇಸಿಗೆ ಕಳೆದ ಮೇಲೆ ಪುಸ್ತಕ ತೆಗೆದು ಎಣಿಸೋಣ.